ಬಾವಿಯೋ, ನಲ್ಲಿಯೋ?

ಕುಕ್ ಟೌನಿನಲ್ಲಿ ಮನೆ ಕಟ್ಟುವವರಿಗೆ ಒಂದು ಪ್ರಶ್ನೆ ಉಂಟು: ಕೊಳವೆ ಬಾವಿ ಕೊರೆಸುವುದೋ, ಜಲಮಂಡಳಿಯ ನಲ್ಲಿಯನ್ನು ನಂಬುವುದೋ? ಅಲ್ಲಿ ನಾಲ್ಕೈದು ಮಂದಿ ಕೂಡಿ ನಡೆಸುವ ಗಣಕದ ಕಚೇರಿಗೂ ಇಂಥದೇ ಪ್ರಶ್ನೆ.

ಇಂದು ತಂತ್ರಾಂಶಗಳನ್ನು ಕಂಟೇನರುಗಳೆಂಬ ಪೆಟ್ಟಿಗೆಗಳಲ್ಲಿಟ್ಟು, ದೂರದ ಬಾಡಿಗೆ ಯಂತ್ರಗಳಲ್ಲಿ ನಡೆಸುವುದು ರೂಢಿ. ಯಾವ ಪೆಟ್ಟಿಗೆ ಎಲ್ಲಿರಬೇಕು, ಕೆಟ್ಟುದಕ್ಕೆ ಬದಲೇನು ಎಂದು ನೋಡಿಕೊಳ್ಳುವುದು ಕುಬರ್ನೆಟೀಸ್. 2014ರಲ್ಲಿ ಗೂಗಲ್ ಸಂಸ್ಥೆ ಇದನ್ನು ಎಲ್ಲರಿಗೂ ತೆರೆದಿಟ್ಟಿತು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಚುಕ್ಕಾಣಿಗಾರನೆಂದು ಅರ್ಥ.

ಈ ಚುಕ್ಕಾಣಿಗಾರನನ್ನು ನಾವೇ ಸಾಕಿದರೆ ತಂತ್ರಾಂಶಕ್ಕೆ ಬೆಲೆಯಿಲ್ಲ. ಆದರೆ ಒಂದು ಯಂತ್ರ ಕೆಟ್ಟರೂ ಅವನ ಲೆಕ್ಕದ ಪುಸ್ತಕ ಉಳಿಯಬೇಕಾದರೆ ಮೂರು ಯಂತ್ರಗಳು ಬೇಕು. ಒಂದೊಂದು ಆವೃತ್ತಿಗೆ ದುರಸ್ತಿ ದೊರೆಯುವುದು ಸುಮಾರು 14 ತಿಂಗಳು. ಯಂತ್ರಗಳು ಪರಸ್ಪರ ಗುರುತಿಸುವ ಪ್ರಮಾಣಪತ್ರಗಳಿಗೆ ಸಾಮಾನ್ಯವಾಗಿ ಒಂದೇ ವರ್ಷದ ಆಯುಸ್ಸು. ಮರೆತರೆ ಮಧ್ಯರಾತ್ರಿ ಏಳಬೇಕಾದವರು ನಾವೇ.

ಈ ಕಾವಲನ್ನು ಅಮೆಜಾನಿನ ಇ.ಕೆ.ಎಸ್. ವಹಿಸಿಕೊಂಡು ಗಂಟೆಗೆ 10 ಸೆಂಟು, ಅಂದರೆ ತಿಂಗಳಿಗೆ ಸುಮಾರು 73 ಡಾಲರು ಪಡೆಯುತ್ತದೆ. ಯಂತ್ರಗಳ ಬಾಡಿಗೆ ಬೇರೆ. ಅವಧಿ ಮುಗಿದ ಆವೃತ್ತಿಗೇ ಅಂಟಿಕೊಂಡರೆ ಈ ಶುಲ್ಕ ಆರು ಪಟ್ಟು.

ರಾತ್ರಿ ಎದ್ದು ನೋಡಬಲ್ಲ ಜನವಿದ್ದರೆ ಬಾವಿ ಕೊರೆಸಿ. ಇಲ್ಲವಾದರೆ ನಲ್ಲಿಯೇ ಲೇಸು. ನಲ್ಲಿ ಬಂದರೂ ಮನೆಯ ತೊಟ್ಟಿ ತೊಳೆಯುವ ಕೆಲಸ ಮಾತ್ರ ನಮ್ಮದೇ.