ಟೊಂಕಕ್ಕೆ ಬರೆ ಬೇಡ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎರೆಹೊಲಗಳಲ್ಲಿ ನೀವು ಹಿಂಗಾರಿ ಜೋಳವನ್ನು ಬೇರುಸಹಿತ ಕೀಳುತ್ತೀರಿ. ದಿನವಿಡೀ ಬಗ್ಗಿದ ಟೊಂಕ ರಾತ್ರಿ ನೆಲಕ್ಕೆ ಹತ್ತುವುದಿಲ್ಲ. ಕೆಲವರಿಗೆ ನೋವು ತೊಡೆಯ ಹಿಂಭಾಗದಿಂದ ಹಿಮ್ಮಡಿಯವರೆಗೆ ಸೆಳೆಯುತ್ತದೆ. ಆಯುರ್ವೇದದವರು ಇದನ್ನು ಗೃಧ್ರಸಿ ಎನ್ನುತ್ತಾರೆ. ಹೆಚ್ಚಾಗಿ ಬೆನ್ನಿನಿಂದ ಹೊರಟ ನರದ ಬೇರು ಒತ್ತಿಗೆ ಸಿಕ್ಕು ಹೀಗಾಗುವುದು.

ಆಗ ನೀವು ಮಾಡುವುದೇನು? ಕಬ್ಬಿಣ ಕಾಸಿ ಬರೆ ಹಾಕಿಸಿಕೊಳ್ಳುವುದು. ನರ ಒಳಗೆ, ಬರೆ ತೊಗಲ ಮೇಲೆ! ಇದ್ದ ನೋವಿಗೆ ಹುಣ್ಣೊಂದು ಕೂಡಿತು, ಅಷ್ಟೆ. ಇನ್ನು ಸಂತೆಯ ಹೆಸರಿಲ್ಲದ ಪುಡಿ. ಒಂದೇ ದಿನಕ್ಕೆ ನೋವು ನಿಂತಿತೆಂದರೆ ಸಂಶಯಪಡಿರಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಕಂಡದ್ದುಂಟು. ಅದನ್ನು ಬಹುಕಾಲ ತಿಂದರೆ ಎಲುಬೇ ಸವೆಯುತ್ತದೆ.

ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಸಿಕೊಳ್ಳಿರಿ, ಉಪ್ಪಿನ ಗಂಟಿನ ಶಾಖ ಕೊಡಿರಿ, ಹಿತವೆನಿಸುತ್ತದೆ. ಆದರೆ ಹಾಸಿಗೆ ಹಿಡಿಯಬೇಡಿರಿ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಟೊಂಕನೋವಿಗೆ ಕೊಟ್ಟ ಸಲಹೆಯಲ್ಲಿ ವ್ಯಾಯಾಮಕ್ಕೆ ಸ್ಥಾನವಿದೆ, ಸೊಂಟಪಟ್ಟಿಗೆ ಇಲ್ಲ. ಬದುವಿನ ಮೇಲೆ ದಿನಾಲು ನಡೆಯಿರಿ.

ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಎಣ್ಣೆಯೂ ಬೇಡ, ಮಠದ ವಿಭೂತಿಗೂ ಕಾಯಬೇಡಿರಿ. ಅದೇ ರಾತ್ರಿ ವಿಜಯಪುರದ ದೊಡ್ಡ ದವಾಖಾನೆಗೆ ಹೋಗಿರಿ.