ಆಟದ ಅಂಗಳವೇ ಮೊದಲ ಪಾಠಶಾಲೆ

(ಶಿಶುವಿಹಾರದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಶಿಶುವಿಹಾರಕ್ಕೋ ಅಂಗನವಾಡಿಗೋ ಹೋಗಿ ಬಂದ ಮಗುವನ್ನು ನಾವು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಈ ದಿನ ಏನು ಬರೆಸಿದರು?" ಎಂಬುದು. "ಆಟ ಆಡಿದೆವು" ಎಂದು ಮಗು ಸಂತೋಷದಿಂದ ಹೇಳಿದರೆ ಹಿರಿಯರ ಮುಖ ಬಾಡುತ್ತದೆ. ಹೊತ್ತು ವ್ಯರ್ಥವಾಯಿತೆಂದು ಕೆಲವರು ಮರುಗುತ್ತಾರೆ. ಇನ್ನು ಕೆಲವರು ಮಗುವನ್ನು ಅಲ್ಲಿಂದ ಬಿಡಿಸಿ, ಮೂರನೆಯ ವಯಸ್ಸಿನಲ್ಲಿಯೇ ಅಕ್ಷರ ತಿದ್ದಿಸುವ ಶಾಲೆಗೆ ಸಾಲ ಮಾಡಿಯಾದರೂ ಸೇರಿಸುತ್ತಾರೆ. ಮಗುವಿನ ಬಾಳು ಹಸನಾಗಲಿ ಎಂಬ ಆಸೆಯಿಂದಲೇ ಹೀಗೆ ಮಾಡುತ್ತಾರೆ. ಆ ಆಸೆಯನ್ನು ಯಾರೂ ತಪ್ಪೆನ್ನಲಾರರು. ಆದರೆ ಆಟ ಬೇರೆ, ಪಾಠ ಬೇರೆ ಎಂಬ ಭಾವನೆ ಮಾತ್ರ ಸರಿಯಲ್ಲ. ಆರು ವರ್ಷದೊಳಗಿನ ಮಗುವಿಗೆ ಆಟವೇ ಪಾಠ. ಇದರ ಕಾರಣಗಳನ್ನು ತಮ್ಮ ಮುಂದಿಡುವುದೇ ಈ ಮಾತುಗಳ ಉದ್ದೇಶ.

ಬೆಳೆಯುತ್ತಿರುವ ಕೈ

ಮೊದಲು ಮಗುವಿನ ಕೈಯನ್ನೇ ನೋಡೋಣ. ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಇವು ಮೂಳೆಗಳಾಗಿರುವುದಿಲ್ಲ; ಮೆದುವಾದ ಮೃದ್ವಸ್ಥಿಯ ರೂಪದಲ್ಲಿದ್ದು, ಒಂದೊಂದಾಗಿ ಗಟ್ಟಿಗೊಳ್ಳುತ್ತ ಬರುತ್ತವೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಕ್ಷ-ಕಿರಣ ಚಿತ್ರದಲ್ಲಿ ಸಾಮಾನ್ಯವಾಗಿ ಎರಡು ಮೂರು ಮೂಳೆಗಳಷ್ಟೇ ಕಾಣುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಕಾಣತೊಡಗುತ್ತವೆ. ಸ್ನಾಯುಗಳ ಮೇಲಿನ ಹತೋಟಿಯೂ ಹೀಗೆಯೇ ಮೆಲ್ಲಮೆಲ್ಲನೆ ಭುಜದಿಂದ ಬೆರಳ ತುದಿಯ ಕಡೆಗೆ ಇಳಿದು ಬರುತ್ತದೆ.

ಇಂತಹ ಎಳೆಯ ಕೈಗೆ ಬಳಪವನ್ನು ಕೊಟ್ಟು ಸಾಲು ಸಾಲಾಗಿ ಬರೆಯಿಸಿದರೆ ಮಗು ಮುಷ್ಟಿ ಕಟ್ಟಿ ಬರೆಯುತ್ತದೆ, ಬೇಗ ದಣಿಯುತ್ತದೆ, ಅಕ್ಷರವೆಂದರೆ ಶಿಕ್ಷೆ ಎಂದು ಭಾವಿಸುತ್ತದೆ. ಅದೇ ಮಗು ಜೇಡಿಮಣ್ಣನ್ನು ನಾದಿ ಉಂಡೆ ಕಟ್ಟುವಾಗ, ಅವರೆಕಾಯಿ ಸುಲಿಯುವಾಗ, ದಾರಕ್ಕೆ ಮಣಿ ಪೋಣಿಸುವಾಗ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡ ದೊಡ್ಡ ಗೆರೆ ಎಳೆಯುವಾಗ, ಮುಂದೆ ಬರವಣಿಗೆಗೆ ಬೇಕಾದ ಸ್ನಾಯುಗಳೇ ಪಳಗುತ್ತವೆ. ಹದ ಬಂದ ಮಣ್ಣಿನಲ್ಲಿ ಬಿತ್ತಿದ ಬೀಜ ತಾನಾಗಿ ಮೊಳೆಯುವಂತೆ, ಹದಗೊಂಡ ಕೈಗೆ ಅಕ್ಷರ ಸುಲಭವಾಗಿ ಒಲಿಯುತ್ತದೆ.

ಹಿರಿಯರು ಹಾಕಿಕೊಟ್ಟ ದಾರಿ

ಈ ವಿಚಾರ ಹೊಸದೇನಲ್ಲ. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲರು 1837ರಲ್ಲಿ ಎಳೆಯ ಮಕ್ಕಳಿಗಾಗಿ ಆಟದ ಮೂಲಕ ಕಲಿಸುವ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಮಕ್ಕಳ ತೋಟ ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟರು. ವೈದ್ಯೆಯಾಗಿದ್ದ ಮರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದರು. 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿಯನ್ನೂ ನೀಡಿದರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಊರಿನಲ್ಲಿ ಬಾಲಶಿಕ್ಷಣವನ್ನು ಹಳ್ಳಿಯ ಬಡಮಕ್ಕಳ ಬಳಿಗೇ ಒಯ್ದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ನಿಲುವಾಗಿತ್ತು.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಇವುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವನ್ನೂ ಆ ಯೋಜನೆಯಲ್ಲಿ ಸೇರಿಸಲಾಯಿತು. ಅಂಗನವಾಡಿ ಎಂಬ ಹೆಸರಿನಲ್ಲಿಯೇ ಅಂಗಳವಿದೆ ಎಂಬುದನ್ನು ನಾವು ಮರೆಯಕೂಡದು.

ಒಳಾಂಗಣದ ಆಟಗಳು

ಕೋಣೆಯೊಳಗೆ ಮಗು ಆಡುವ ಆಟಗಳನ್ನು ಗಮನಿಸಿ ನೋಡಿ. ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತದೆ; ಗೋಪುರ ಬೀಳುತ್ತದೆ; ಮತ್ತೆ ಪೇರಿಸುತ್ತದೆ. ದೊಡ್ಡದು ಕೆಳಗಿರಬೇಕು, ಚಿಕ್ಕದು ಮೇಲಿರಬೇಕು ಎಂಬುದನ್ನು ಯಾರೂ ಹೇಳಿಕೊಡದೆ ತಾನೇ ಕಂಡುಕೊಳ್ಳುತ್ತದೆ. ಸೋತ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವ ಗುಣವೂ ಅಲ್ಲಿಯೇ ಬೇರೂರುತ್ತದೆ. ಇದಕ್ಕೆ ಬೆಲೆಬಾಳುವ ಸಾಮಗ್ರಿ ಬೇಕಿಲ್ಲ. ಚನ್ನಪಟ್ಟಣದ ಮರದ ಆಟಿಕೆಗಳು ದೊರೆತರೆ ಸಂತೋಷ. ದೊರೆಯದಿದ್ದರೆ ಬಡಗಿಯ ಮನೆಯ ತುಂಡುಗಳನ್ನು ಉಜ್ಜಿ ನಯಗೊಳಿಸಿದರೆ ಸಾಕು.

ಒಂದರಿಂದ ಇಪ್ಪತ್ತರವರೆಗೆ ಮಗು ಬಾಯಿಪಾಠ ಒಪ್ಪಿಸಿದೊಡನೆ ಲೆಕ್ಕ ಬಂದಿತೆಂದು ಹಿಗ್ಗಬೇಡಿ. ಊಟದ ಹೊತ್ತಿನಲ್ಲಿ ಕುಳಿತಿರುವ ಐದು ಮಕ್ಕಳಿಗೆ ಐದು ತಟ್ಟೆಗಳನ್ನು ಹೆಚ್ಚುಕಡಿಮೆಯಿಲ್ಲದೆ ತಂದಿಟ್ಟಾಗ ಅದಕ್ಕೆ ಐದೆಂಬುದರ ಅರ್ಥ ತಿಳಿದಿದೆ ಎನ್ನಬಹುದು. ಹುಣಸೆ ಬೀಜ, ಅಲಸಂದೆ, ಅವರೆ ಇವುಗಳನ್ನು ಬೇರೆ ಬೇರೆ ಮಾಡುವ ಆಟ, ಉದ್ದ ಕಡ್ಡಿ ಗಿಡ್ಡ ಕಡ್ಡಿಗಳನ್ನು ಕ್ರಮವಾಗಿ ಜೋಡಿಸುವ ಆಟ, ಇವೆಲ್ಲವೂ ಗಣಿತದ ಅಡಿಗಲ್ಲುಗಳು.

ಇನ್ನು ಸಂಸಾರದಾಟ. ಚಪ್ಪಟೆ ಕಲ್ಲೊಂದನ್ನು ಮಗು ದೋಸೆಯೆಂದು ಬಡಿಸುತ್ತದೆ. ಎಲೆಯನ್ನು ನೋಟೆಂದು ಅಂಗಡಿಯವನಿಗೆ ಕೊಡುತ್ತದೆ. ನಾವು ನೋಡಿ ನಗುತ್ತೇವೆ. ಆದರೆ ಒಂದು ವಸ್ತು ಮತ್ತೊಂದನ್ನು ಸೂಚಿಸಬಲ್ಲದು ಎಂಬ ಮಹತ್ತರವಾದ ಅರಿವು ಆ ಆಟದಲ್ಲಡಗಿದೆ. ಅಕ್ಷರವೆಂದರೂ ಇದೇ ಅಲ್ಲವೇ? ಒಂದು ಗೆರೆಯ ಗುರುತು ಒಂದು ಧ್ವನಿಯನ್ನು ಸೂಚಿಸುತ್ತದೆ. ಕಲ್ಲನ್ನು ದೋಸೆಯೆಂದು ಬಗೆಯಬಲ್ಲ ಮಗು ಓದುವ ದಾರಿಯಲ್ಲಿ ಹೆಜ್ಜೆಯಿಟ್ಟಿದೆ ಎಂದು ತಿಳಿಯಿರಿ. ಅಲ್ಲದೆ, ಗೊಂಬೆಗೆ ಚುಚ್ಚುಮದ್ದು ಹಾಕಿ "ಅಳಬೇಡ, ಈಗ ವಾಸಿಯಾಗುತ್ತದೆ" ಎಂದು ಸಮಾಧಾನ ಹೇಳುವ ಮಗು ತನ್ನ ಅಂಜಿಕೆಯನ್ನೂ ಹಗುರ ಮಾಡಿಕೊಳ್ಳುತ್ತಿರುತ್ತದೆ.

ಹೊರಾಂಗಣದ ಆಟಗಳು

ಕೋಣೆಯೊಳಗೆ ಎಷ್ಟೇ ಒಳ್ಳೆಯ ಆಟಿಕೆಗಳಿದ್ದರೂ ಅವು ಬಯಲಿನ ಆಟಕ್ಕೆ ಬದಲಾಗಲಾರವು. ಓಡುವುದು, ಜಿಗಿಯುವುದು, ಹತ್ತುವುದು, ಒಂಟಿ ಕಾಲಿನಲ್ಲಿ ಕುಂಟುವುದು ಇವುಗಳಿಂದ ದೇಹದ ಸಮತೋಲ, ಉಸಿರಾಟದ ಶಕ್ತಿ, ಹಸಿವು, ನಿದ್ರೆ ಎಲ್ಲವೂ ಚೆನ್ನಾಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಚಟುವಟಿಕೆಯಲ್ಲಿ ತೊಡಗಿರಬೇಕು. ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು ಚುರುಕಾದ ಆಟವಿರಬೇಕು. ಬಿಸಿಲಿನಿಂದ ಚರ್ಮದಲ್ಲಿ ಡಿ ಜೀವಸತ್ವ ಉತ್ಪತ್ತಿಯಾಗಿ ಮೂಳೆಗಳು ಬಲಗೊಳ್ಳುತ್ತವೆ.

ಕಣ್ಣಿಗೂ ಬಯಲಿನ ಬೆಳಕು ಬೇಕು. ಚೀನಾ ದೇಶದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರ್ಷ ಕಾಲ ಪರಿಶೀಲಿಸಿ, ಅದರ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಪ್ರತಿ ಶಾಲಾದಿನ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ಸುಮಾರು ಶೇಕಡ 30 ಮಂದಿಗೆ ಸಮೀಪದೃಷ್ಟಿ ಉಂಟಾದರೆ, ಉಳಿದ ಶಾಲೆಗಳಲ್ಲಿ ಅದು ಶೇಕಡ 40ರ ಹತ್ತಿರವಿತ್ತು. ಆಟದ ಅಂಗಳ ಕನ್ನಡಕವನ್ನೂ ದೂರವಿಡಬಲ್ಲದು.

ನಮ್ಮ ಮಕ್ಕಳ ಕೆರೆ-ದಡ ಆಟವನ್ನು ತಾವೆಲ್ಲರೂ ಬಲ್ಲಿರಿ. "ಕೆರೆ" ಎಂದಾಗ ಗೆರೆಯೊಳಗೆ, "ದಡ" ಎಂದಾಗ ಹೊರಗೆ ಹಾರಬೇಕು. ಮಾತನ್ನು ಕಿವಿಗೊಟ್ಟು ಕೇಳುವುದು, ಹಾರಲು ಹೊರಟ ಕಾಲನ್ನು ತಡೆದು ನಿಲ್ಲಿಸುವುದು, ತಪ್ಪಿದಾಗ ನಗುತ್ತ ಹೊರಗೆ ನಿಲ್ಲುವುದು, ಇಷ್ಟನ್ನೂ ಆ ಚಿಕ್ಕ ಆಟ ಕಲಿಸುತ್ತದೆ. ಶಾಲೆಯಲ್ಲಿ ಪಾಠಕ್ಕೆ ಮನಸ್ಸು ಕೊಡಲು ಬೇಕಾದ ಸಂಯಮ ಇದೇ ತಾನೇ? ಮರಳಿನಲ್ಲಿ ಗುಡ್ಡ ಕಟ್ಟುವಾಗ, ತೆಂಗಿನ ಚಿಪ್ಪಿನಿಂದ ಬಿಂದಿಗೆಗೆ ನೀರು ತುಂಬುವಾಗ ಅಳತೆಯ ಪರಿಚಯವಾಗುತ್ತದೆ. ಉಯ್ಯಾಲೆಗಾಗಿ ಸರದಿ ಕಾಯುವಾಗ ಇತರರ ಹಕ್ಕಿನ ಅರಿವಾಗುತ್ತದೆ.

ಆಹಾರದ ಜೊತೆಗೆ ಆಟ

ಮಗುವಿಗೆ ಹೊಟ್ಟೆ ತುಂಬ ಊಟವಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಜಮೈಕಾ ದೇಶದಲ್ಲಿ 1986 ಮತ್ತು 1987ರ ಸುಮಾರಿಗೆ, ಬೆಳವಣಿಗೆ ಕುಂಠಿತವಾಗಿದ್ದ 129 ಎಳೆಯ ಮಕ್ಕಳನ್ನು ಆರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಅವರು ಶಿಶುವಿಹಾರದ ವಯಸ್ಸಿಗಿಂತಲೂ ಚಿಕ್ಕವರು. ಕೆಲವರಿಗೆ ಪೂರಕ ಆಹಾರ; ಕೆಲವರಿಗೆ ಆಟ; ಕೆಲವರಿಗೆ ಎರಡೂ; ಉಳಿದವರಿಗೆ ಎರಡೂ ಇಲ್ಲ. ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಮನೆಗೆ ಹೋಗಿ, ಮನೆಯಲ್ಲಿಯೇ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ಕಲಿಸುತ್ತಿದ್ದರು. ಇದು ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷಗಳ ಅನಂತರ ವಿಚಾರಿಸಿದಾಗ, ಆಟದ ನೆರವು ಪಡೆದಿದ್ದವರ ಗಳಿಕೆ ಅದನ್ನು ಪಡೆಯದವರಿಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ವರದಿಯಾಯಿತು. ಆಹಾರವನ್ನು ಮಾತ್ರ ಪಡೆದವರಲ್ಲಿ ಅಂತಹ ದೀರ್ಘಕಾಲದ ಲಾಭ ಕಾಣಲಿಲ್ಲ. ಆಹಾರ ಬೇಡವೆಂದು ಇದರ ಅರ್ಥವಲ್ಲ. ಅನ್ನವಿಲ್ಲದೆ ಮಗು ಬೆಳೆಯದು. ಆದರೆ ಅನ್ನದಿಂದ ಬೆಳೆದ ದೇಹದೊಳಗೆ ಬುದ್ಧಿ ಅರಳಲು ಆಟವೂ ಮಾತೂ ಬೇಕು.

ಎಚ್ಚರಿಕೆಯ ಕೆಲವು ಮಾತುಗಳು

ಮಣ್ಣಿನಲ್ಲಿ ಆಡಿದರೆ ರೋಗ ಬರುತ್ತದೆಂದು ಹೆದರಿ ಮಗುವನ್ನು ಒಳಗೆ ಕೂಡಿಹಾಕಬೇಡಿ. ಆಟದ ಜಾಗದಲ್ಲಿ ಮಲಮೂತ್ರ, ಗಾಜು, ಮುಳ್ಳು, ನಿಂತ ನೀರು ಇಲ್ಲದಂತೆ ನೋಡಿಕೊಳ್ಳಿ. ಕಾಲಿಗೆ ಚಪ್ಪಲಿ ಹಾಕಿಸಿ, ಉಗುರು ಕತ್ತರಿಸಿ, ಆಟದ ಅನಂತರವೂ ಊಟಕ್ಕೆ ಮೊದಲೂ ಸಾಬೂನಿನಿಂದ ಕೈ ತೊಳೆಸಿ. ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ತಪ್ಪದೆ ಕೊಡಿಸಿ. ಬೀಜ, ಮಣಿ, ಗುಂಡಿಗಳನ್ನು ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬಾರದು. ದೊಡ್ಡ ಮಕ್ಕಳು ಅವುಗಳೊಂದಿಗೆ ಆಡುವಾಗಲೂ ಹಿರಿಯರೊಬ್ಬರು ಹತ್ತಿರವಿರಬೇಕು. ಗುಂಡಿಯಾಕಾರದ ಬ್ಯಾಟರಿಯನ್ನು ನುಂಗಿದರೆ ಪ್ರಾಣಾಪಾಯವುಂಟು. ಒಡನೆಯೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೊಬೈಲಿನ ವಿಷಯವನ್ನೂ ಹೇಳಲೇಬೇಕು. ಅಳುವ ಮಗುವಿನ ಕೈಗೆ ಅದನ್ನು ಕೊಟ್ಟೊಡನೆ ಮನೆ ನಿಶ್ಶಬ್ದವಾಗುತ್ತದೆ, ನಿಜ. ಆದರೆ ಆ ಹೊತ್ತಿನಲ್ಲಿ ಕೈಗೆ ಕೆಲಸವಿಲ್ಲ, ಕಾಲಿಗೆ ಓಟವಿಲ್ಲ, ಬಾಯಿಗೆ ಮಾತಿಲ್ಲ. ಮೂರು, ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆಯನ್ನು ಮೀರಕೂಡದು, ಕಡಿಮೆಯಾದಷ್ಟೂ ಒಳಿತು ಎಂದು ಮೇಲೆ ಹೇಳಿದ ಮಾರ್ಗಸೂಚಿಯೇ ತಿಳಿಸುತ್ತದೆ.

ಎಲ್ಲ ಮಕ್ಕಳಿಗೂ ಆಟ

ಎಳೆಯ ಕೂಸನ್ನು ಕಂಕುಳಲ್ಲಿ ಹೊತ್ತು ಗೋಡೆಗೊರಗಿ, ಇತರರ ಆಟವನ್ನು ನೋಡುತ್ತ ನಿಂತಿರುವ ಐದು ವರ್ಷದ ಹೆಣ್ಣುಮಗುವನ್ನು ತಾವು ಕಂಡಿರಬಹುದು. ತಮ್ಮನನ್ನು ಆಡಿಸುವುದೇ ಅವಳ ಆಟವೆಂದು ಹೇಳಿ ಬಿಡುವುದು ನ್ಯಾಯವಲ್ಲ. ಅವಳಿಗೂ ಓಡುವ ಕಾಲುಗಳಿವೆ. ಹೆರಿಗೆಗಳ ನಡುವೆ ಸಾಕಷ್ಟು ಅಂತರವಿರುವ ಸಂಸಾರದಲ್ಲಿ ಒಂದು ಮಗುವಿನ ಭಾರ ಇನ್ನೊಂದು ಮಗುವಿನ ಮೇಲೆ ಬೀಳುವುದು ಕಡಿಮೆ. ತಾಯಿಗೂ ಪ್ರತಿಯೊಂದು ಮಗುವಿನೊಡನೆ ಆಡಲು ಹೊತ್ತು ದೊರೆಯುತ್ತದೆ. ಹಾಗೆಯೇ, ಕಾಲು ಊನವಾದ ಮಗುವನ್ನೂ ಕಿವಿ ಮಂದವಾದ ಮಗುವನ್ನೂ ಮೂಲೆಯಲ್ಲಿ ಕುಳ್ಳಿರಿಸದೆ, ಅವರಿಗೆ ಒಗ್ಗುವಂತೆ ಆಟದ ನಿಯಮವನ್ನು ತುಸು ಬದಲಾಯಿಸಿ ಸೇರಿಸಿಕೊಳ್ಳಬೇಕು. ಓರಗೆಯವರೊಡನೆ ಆಡುವಾಗಲೇ ಮಗುವಿನ ಕುಂದುಕೊರತೆಗಳು ಶಿಕ್ಷಕಿಯ ಕಣ್ಣಿಗೆ ಬೀಳುವುದರಿಂದ, ಸಕಾಲದಲ್ಲಿ ವೈದ್ಯರಿಗೆ ತೋರಿಸಲೂ ಅನುಕೂಲ.

ತಾಯಿತಂದೆಯರ ಕರ್ತವ್ಯ

ಆದುದರಿಂದ, ಶಿಶುವಿಹಾರವನ್ನು ಆರಿಸುವಾಗ ಕಟ್ಟಡದ ಬಣ್ಣವನ್ನೂ ಪುಸ್ತಕಗಳ ಸಂಖ್ಯೆಯನ್ನೂ ನೋಡಬೇಡಿ. ಆಡಲು ಅಂಗಳವಿದೆಯೇ? ಆಟಿಕೆಗಳು ಬೀರುವಿನೊಳಗಿವೆಯೋ, ಮಕ್ಕಳ ಕೈಯಲ್ಲಿವೆಯೋ? ಶಿಕ್ಷಕಿ ಮಕ್ಕಳೊಡನೆ ನೆಲದ ಮೇಲೆ ಕುಳಿತು ಮಾತನಾಡುವರೇ? ಎಂದು ನೋಡಿ. 2013ರಲ್ಲಿ ಭಾರತ ಸರ್ಕಾರ ಅಂಗೀಕರಿಸಿದ ಶೈಶವದ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿಯೂ ಆಟವನ್ನೇ ಈ ವಯಸ್ಸಿನ ಕಲಿಕೆಯ ದಾರಿಯೆಂದು ಒಪ್ಪಿದೆ. ಬರೆಯಿಸಿರೆಂದು ಶಿಕ್ಷಕಿಯನ್ನು ಒತ್ತಾಯಪಡಿಸಿದರೆ, ತಿಳಿದವಳಾದರೂ ಆಕೆ ತಮ್ಮ ಒತ್ತಾಯಕ್ಕೆ ಮಣಿಯಬೇಕಾಗುತ್ತದೆ.

ಮನೆಯಲ್ಲಿಯೂ ದಿನಕ್ಕೆ ಅರ್ಧ ಗಂಟೆ ಮಗುವಿನ ಆಟಕ್ಕೆ ಮೀಸಲಿರಲಿ. ಇದು ತಾಯಿಯೊಬ್ಬಳ ಹೊಣೆಯಲ್ಲ, ತಂದೆಯೂ ಕೂಡಿಕೊಳ್ಳಬೇಕು. ಇಂದು ಯಾವ ಆಟ ಆಡಿದೆ, ಯಾರ ಜೊತೆ ಆಡಿದೆ ಎಂದು ಕೇಳಿ. ಅದು ಹೇಳುವುದನ್ನು ಕೊನೆಯವರೆಗೂ ಆಲಿಸಿ. ಅಕ್ಷರ ಕಲಿಯಲು ಮುಂದೆ ಬೇಕಾದಷ್ಟು ವರ್ಷಗಳಿವೆ. ಮೂರರಿಂದ ಆರರವರೆಗಿನ ಈ ವರ್ಷಗಳಾದರೋ ಒಮ್ಮೆ ಕಳೆದರೆ ಮರಳಿ ಬಾರವು. ಅವುಗಳನ್ನು ಮಕ್ಕಳಿಗೆ ಪೂರ್ಣವಾಗಿ ಬಿಟ್ಟುಕೊಡಿ ಎಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.