ಪಾದಗಳು ಬಾಕಿ ಉಳಿದವು



ಹೋದ ತಿಂಗಳು ನನಗೆ 60 ತುಂಬಿತು. 34 ವರ್ಷ ಹೈಸ್ಕೂಲಿನಲ್ಲಿ ನಿಂತುಕೊಂಡೇ ವಿಜ್ಞಾನ ಪಾಠ ಹೇಳಿದವಳು ನಾನು. ಸಂಜೆಯಾಯಿತೆಂದರೆ ಹಿಮ್ಮಡಿ ಹಿಡಿದುಕೊಳ್ಳುತ್ತದೆ. ಅದನ್ನು ನೋಡುತ್ತಲೇ ಬೆಳೆದ ಮಗಳು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನ ಸ್ಪಾದಲ್ಲಿ ನನಗೆಂದು ಒಂದು ದಿನ ಬುಕ್ ಮಾಡಿದಳು. ಜಿಮ್, ಈಜುಕೊಳ, ಹಬೆಯ ಕೋಣೆ, ಒಂದು ಗಂಟೆಯ ಎಣ್ಣೆ ಮಸಾಜ್, ಎಲ್ಲಾ ಸೇರಿ 9,000 ರೂಪಾಯಿ. "ಅಮ್ಮಾ, ಒಂದು ದಿನ ನೀನು ಯಾರಿಗೂ ಏನೂ ಮಾಡ್ಬೇಡ. ನಿನಗೆ ಬೇರೆಯವರು ಮಾಡ್ಲಿ" ಅಂದಳು. ಆ ಮಾತಿಗೇ ನನ್ನ ಅರ್ಧ ನೋವು ಇಳಿದಿತ್ತು.

ಬಾಗಿಲಲ್ಲಿ ಹಿತ್ತಾಳೆಯ ಉರುಳಿಯಲ್ಲಿ ನೀರು ತುಂಬಿ ಸೇವಂತಿಗೆ ಎಸಳು ತೇಲಿಬಿಟ್ಟಿದ್ದರು. ಜಿಮ್ಮಿನಲ್ಲಿ ಹೊಳೆಯುವ ಯಂತ್ರಗಳು, ಸುತ್ತ ಕನ್ನಡಿ. ಅಲ್ಲಿದ್ದ ತರಬೇತುದಾರ ಹುಡುಗ ನನ್ನನ್ನು ಟ್ರೆಡ್‌ಮಿಲ್ ಹತ್ತಿಸಿ, ವೇಗದ ಗುಂಡಿ ಒತ್ತಿ ಹೊರಟುಹೋದ. ನನಗೆ ಬಿ.ಪಿ. ಇದೆಯಾ, ಮಂಡಿ ಹೇಗಿದೆ ಎಂದು ಕೇಳಲಿಲ್ಲ. ಹಬೆಯ ಕೋಣೆಯ ಬಾಗಿಲಿಗೆ ರಿಪೇರಿಯ ಬೋರ್ಡು ತೂಗುಹಾಕಿತ್ತು.

ಈಜುಕೊಳದ ಪಕ್ಕ ಹೋದರೆ ಕಣ್ಣು ಉರಿಯುವಷ್ಟು ಘಾಟು. ಕ್ಲೋರಿನ್ ಧಾರಾಳವಾಗಿ ಹಾಕಿದ್ದಾರೆ, ನೀರು ಚೊಕ್ಕಟವಾಗಿದೆ ಎಂದೇ ಬಹಳ ಜನ ತಿಳಿದುಕೊಳ್ಳುತ್ತಾರೆ. ಪಾಠ ಹೇಳಿದ ಬಾಯಿ, ಇದೊಂದನ್ನು ಹೇಳಿಬಿಡುತ್ತೇನೆ. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ವಾಸನೆಯೇ ಇರುವುದಿಲ್ಲ. ನೀರಿಗೆ ಇಳಿದವರ ಬೆವರು, ಮೂತ್ರದ ಅಂಶಗಳ ಜೊತೆ ಕ್ಲೋರಿನ್ ಸೇರಿಕೊಂಡು ಕ್ಲೋರಮೈನ್ ಎಂಬ ವಸ್ತು ಆಗುತ್ತದೆ. ಮೂಗಿಗೆ ಅಡರುವ ಘಾಟು, ಕಣ್ಣುರಿ ಎರಡೂ ಅದರದ್ದು. ಕೊಳದ ನೀರನ್ನು ಸರಿಯಾಗಿ ನೋಡಿಕೊಳ್ಳದೆ ಕೆಲವು ದಿನವಾಗಿದೆ ಎಂದು ಆ ಘಾಟೇ ಹೇಳುತ್ತಿತ್ತು. ನಾನು ಇಳಿಯಲಿಲ್ಲ.

ಮೂರು ಗಂಟೆಗೆ ಮಸಾಜ್. ಎಣ್ಣೆ ಹಚ್ಚಲು ಬಂದ ಹುಡುಗಿ ಮಿಜೋರಾಂನವಳು, ಇಪ್ಪತ್ತೈದರ ಆಸುಪಾಸು. ನನ್ನ ಮಗಳಿಗಿಂತ ಚಿಕ್ಕವಳು. ಒಂದು ಗಂಟೆ ಎಂದಿದ್ದರೂ ಫಾರಂ ತುಂಬುವುದು, ಬಟ್ಟೆ ಬದಲಿಸುವುದು, ಕೊನೆಗೆ ಸ್ನಾನ, ಎಲ್ಲಾ ಅದರೊಳಗೇ ಬರುತ್ತದೆ. ಕೈಗೆ ಸಿಗುವುದು ನಲವತ್ತು ನಿಮಿಷ. ಅವಳ ಬಲಗೈ ಹೆಬ್ಬೆರಳಿನ ಬುಡಕ್ಕೆ ಮೈಬಣ್ಣದ ಪಟ್ಟಿ ಸುತ್ತಿತ್ತು. ನನ್ನ ಬೆನ್ನಿನ ಮೇಲೆ ಉಳಿದ ಬೆರಳುಗಳೆಲ್ಲ ಒತ್ತುತ್ತಿದ್ದವು, ಆ ಹೆಬ್ಬೆರಳು ಮಾತ್ರ ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ನನ್ನ ಹರಕುಮುರುಕು ಹಿಂದಿಯಲ್ಲಿ ಕೇಳಿದೆ: "ಇವತ್ತು ನಾನು ಎಷ್ಟನೆಯವಳಮ್ಮ?" ಐದನೆಯವರು ಎಂದಳು. ಊಟ ಇನ್ನೂ ಆಗಿರಲಿಲ್ಲ.

ಎರಡು ಸಲ ಗಡಿಯಾರ ನೋಡಿದಳು. ಮಂಡಿಯವರೆಗೆ ಬಂದವಳು ಕೈ ನಿಲ್ಲಿಸಿ, "ಸಾರಿ ಮ್ಯಾಮ್, ಪಾದಕ್ಕೆ ಟೈಮ್ ಇಲ್ಲ" ಎಂದಳು. ನಾನು ಅಷ್ಟು ದೂರ ಹೋಗಿದ್ದೇ ಆ ಪಾದಗಳಿಗಾಗಿ.

ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯ ಅಧ್ಯಾಯವೊಂದಿದೆ. ದಿನವೂ ಎಣ್ಣೆ ಹಚ್ಚಿಕೊಳ್ಳಬೇಕು, ಅದರಲ್ಲೂ ತಲೆ, ಕಿವಿ, ಪಾದ ಈ ಮೂರಕ್ಕೆ ವಿಶೇಷವಾಗಿ ಎನ್ನುತ್ತಾನೆ. ಕಫ ಕಟ್ಟಿದವರಿಗೆ, ಅಜೀರ್ಣವಾದವರಿಗೆ ಎಣ್ಣೆ ಬೇಡ ಎಂದೂ ಅಲ್ಲೇ ಇದೆ. ವ್ಯಾಯಾಮವನ್ನು ಬಲಶಾಲಿಗಳೂ ಅರ್ಧ ಶಕ್ತಿಯಷ್ಟೇ ಮಾಡಬೇಕಂತೆ. ಅಂದರೆ ಎಣ್ಣೆ ಮುಟ್ಟುವ ಮೊದಲು ಮುಂದೆ ಕೂತವರನ್ನು ವಿಚಾರಿಸಬೇಕು. ನಿನಗೆ ಏನಾಗಿದೆ, ನಿನ್ನ ಕೈಲಿ ಎಷ್ಟಾಗುತ್ತದೆ ಎಂದು ಕೇಳಬೇಕು. ಆ ಹೋಟೆಲಿನಲ್ಲಿ ಇದ್ದ ಕೊರತೆ ಇದೇ. ಕಲ್ಲು, ಕನ್ನಡಿ, ದೀಪಗಳಿಗೆ ಹಣ ಸುರಿದಿದ್ದಾರೆ. ವಿಚಾರಿಸುವುದಕ್ಕೆ ಬೇಕಾದ ಹತ್ತು ನಿಮಿಷವನ್ನು ಮಾತ್ರ ಆ ಹುಡುಗಿಯ ದಿನದಿಂದ ಕತ್ತರಿಸಿಬಿಟ್ಟಿದ್ದಾರೆ.

ಅಲ್ಲಿ ಮಲಗಿದ್ದಾಗ ನನಗೆ ನೆನಪಾದದ್ದು ಸಾಗರದ ಕಡೆಯ ನನ್ನ ತವರುಮನೆಯ ಬಚ್ಚಲು. ಮೊದಲ ಬಾಣಂತನದಲ್ಲಿ ನನಗೂ ಮಗುವಿಗೂ ನೀರೆರೆಯಲು ಪಕ್ಕದ ಹಳ್ಳಿಯಿಂದ ಒಬ್ಬ ಅಜ್ಜಿ ದಿನಾ ಬೆಳಿಗ್ಗೆ ನಡೆದು ಬರುತ್ತಿದ್ದರು. ಬಂದವರು ಹಂಡೆಯ ಉರಿಗೆ ಅಡಿಕೆ ಹಾಳೆ ಮುರಿದು ತುರುಕಿ, ನನ್ನ ಪಾದ ಮುಟ್ಟಿ ನೋಡುತ್ತಿದ್ದರು. "ಕಾಲು ತಣ್ಣಗೈತಲ್ಲ ಮಗಾ, ರಾತ್ರಿ ನಿದ್ದೆ ಬರ್ಲಿಲ್ವಾ?" ಎನ್ನುವುದು ಮೊದಲ ಮಾತು. ಆಮೇಲೆ ನೆತ್ತಿಗೆ ಹರಳೆಣ್ಣೆ, ಸೊಂಟಕ್ಕೆ ಬಿಸಿ ಎಣ್ಣೆ, ತಲೆಗೆ ದಾಸವಾಳ ಸೊಪ್ಪಿನ ಗೊಂಪು. ಕಾಲು ನೀಡಿ ಕೂತು, ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುವಾಗ ಅವರ ಅಂಗೈ ಮಗುವಿನ ಹಣೆಯ ಮೇಲೆ ಸೂರಿನ ಹಾಗೆ ಇರುತ್ತಿತ್ತು, ಕಣ್ಣಿಗೆ ಹನಿ ಬೀಳದಂತೆ. ನನ್ನನ್ನು ಕಂಬಳಿ ಹೊದಿಸಿ ಮಲಗಿಸಿ, ಬೆವರು ಬಂತೆಂದು ಖಾತ್ರಿಯಾದ ಮೇಲೆಯೇ ಅವರು ಎದ್ದು ಹೋಗುತ್ತಿದ್ದದ್ದು.

ಅವರಿಗೆ ನಾವು ಕೊಟ್ಟದ್ದು ಬಾಣಂತನ ಮುಗಿದಾಗ ಒಂದು ಸೀರೆ, ಕಣ, ಒಂದಿಷ್ಟು ಅಕ್ಕಿ. ಅವರ ಹಿಮ್ಮಡಿಗಳು ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿದ್ದವು. ಮೂರು ತಿಂಗಳು ದಿನವೂ ಅದನ್ನು ನೋಡಿದ್ದೇನೆ. ಬಟ್ಟಲಿನಲ್ಲಿ ಉಳಿದ ಎಣ್ಣೆಯನ್ನು ಅವರ ಪಾದಕ್ಕೆ ಹಚ್ಚೋಣವೆಂದು ನನಗೆ ಒಂದು ದಿನವೂ ತೋಚಲಿಲ್ಲ. ಹಾಗಾಗಿ ಹಳೆಯ ಕಾಲ ಒಳ್ಳೆಯದು, ಈಗಿನದು ಕೆಟ್ಟದ್ದು ಎಂದು ನಾನು ಹೇಳಲಾರೆ. ಅಜ್ಜಿಯ ಹತ್ತಿರ ಹೊತ್ತಿತ್ತು, ಅವರನ್ನು ವಿಚಾರಿಸುವವರು ಇರಲಿಲ್ಲ. ಈ ಹುಡುಗಿಗೆ ಹೊತ್ತೂ ಇಲ್ಲ.

ಹೊರಡುವಾಗ ಒಂದು ಫಾರಂ ಕೊಟ್ಟರು. ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ಅಂಕ? "ಈ ಅಂಕ ಯಾರ ಲೆಕ್ಕಕ್ಕೆ ಹೋಗುತ್ತದೆ?" ಎಂದು ಕೌಂಟರಿನಲ್ಲಿ ಕೇಳಿದೆ. ಮಸಾಜ್ ಮಾಡಿದವರ ಲೆಕ್ಕಕ್ಕೇ, ತಿಂಗಳ ಇನ್ಸೆಂಟಿವ್ ಅದರ ಮೇಲೆಯೇ ಎಂದರು. ನನ್ನ ಅಸಮಾಧಾನವೆಲ್ಲ ಆ ಪಟ್ಟಿ ಸುತ್ತಿದ ಹೆಬ್ಬೆರಳಿನ ಮೇಲೆ ಬೀಳುತ್ತಿತ್ತು. ಐದಕ್ಕೆ ಐದು ಹಾಕಿದೆ. ಕಾಗದ ತಿರುಗಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಕೊಳದ ನೀರಿನ ಬಗ್ಗೆ, ಜಿಮ್ಮಿನ ಬಗ್ಗೆ, ಊಟವಿಲ್ಲದೆ ಐದನೆಯವರಿಗೆ ಎಣ್ಣೆ ಹಚ್ಚಿದ ಹುಡುಗಿಯ ಬಗ್ಗೆ ಬರೆದು, ನನ್ನ ಫೋನ್ ನಂಬರ್ ಹಾಕಿದೆ.

ಮನೆಗೆ ಬಂದರೆ ಮಗಳು ಬಾಗಿಲಲ್ಲೇ ನಿಂತಿದ್ದಳು. "ಹೇಗಿತ್ತಮ್ಮಾ?" ದುಡಿದ ದುಡ್ಡು ಕೊಟ್ಟವಳಿಗೆ ಏನು ಹೇಳುವುದು? ಒಂದು ಕ್ಷಣ ಚೆನ್ನಾಗಿತ್ತು ಎಂದುಬಿಡೋಣ ಅನ್ನಿಸಿತು. ಆದರೆ ಅವಳಿಗೆ ನಾನು ಯಾವತ್ತೂ ಸುಳ್ಳು ಹೇಳಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಆಮೇಲಾದ್ರೂ ಆ ಹುಡುಗಿ ಊಟ ಮಾಡಿದ್ಲಾ?"

ಮೂರನೆಯ ದಿನ ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದರು. ಕ್ಷಮೆ ಕೇಳಿ, ಮುಂದಿನ ಸಲ 20 ಪರ್ಸೆಂಟ್ ರಿಯಾಯಿತಿ ಕೊಡುತ್ತೇವೆ ಎಂದರು. ರಿಯಾಯಿತಿ ಬೇಡ, ಒಬ್ಬರ ಮಸಾಜ್ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಆ ಹುಡುಗಿಯರಿಗೆ ಎಷ್ಟು ಹೊತ್ತು ಬಿಡುತ್ತೀರಿ ಹೇಳಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ವಿಚಾರಿಸಿ ಹೇಳ್ತೀನಿ ಮೇಡಂ" ಎಂದರು.

ಅದಾಗಿ ಹನ್ನೆರಡು ದಿನವಾಯಿತು. ಈ ಸೋಮವಾರ ನಾನೇ ಫೋನ್ ಮಾಡುವವಳಿದ್ದೇನೆ.